ಕೊಡಲಿಗೆ ಇಟ್ಟ ಜಾಗ

ಕಣ್ಣಾರೆ ಕಂಡ ತಂಗಿ ನೀಲವ್ವನ ಕೊಲೆಯನ್ನು ಫಕೀರವ್ವ ಒಂಬತ್ತು ವರ್ಷದಿಂದ ತಲೆಯೊಳಗಿನ ನೆನಪಿನ ಚಿಪ್‌ನಲ್ಲಿ ಕಾಪಾಡಿಕೊಂಡು ಬಂದಿದ್ದಳು. ಜಾಗ ಉಳಿಸಲೆಂದು ಕುಗ್ಗಿಸಿಟ್ಟ ನೆನಪನ್ನು ಕೋರ್ಟು ಸಾಕ್ಷಿಯೆಂದು ಒಪ್ಪುವುದಿಲ್ಲ. ಹಾಗಾಗಿ ಕೊಡಲಿಯ ಏಟು, ಸೀಳಿದ ಕೆನ್ನೆ, ಒಲೆಯ ಬೂದಿಗೆ ಹರಿದ ರಕ್ತ ಎಲ್ಲವೂ ಇದ್ದ ಹಾಗೇ ಇದ್ದವು. ಅವಕ್ಕೆ ಜಾಗ ಮಾಡಲು ಅವಳು ತನ್ನ ಮದುವೆಯನ್ನೂ ಅವ್ವನ ದನಿಯನ್ನೂ ಅಳಿಸಿದ್ದಳು.

ಆದರೂ ಕಣ್ಣಂಚಿನಲ್ಲಿ ಸಂದೇಶ ಮಿನುಗುತ್ತಲೇ ಇತ್ತು: "ಶೇಕಡಾ ತೊಂಬತ್ತೊಂಬತ್ತು ತುಂಬಿದೆ. ಜಾಗ ಉಳಿಸಲು ವೇಗ ತಗ್ಗಿಸಲಾಗಿದೆ."

ಕೋರ್ಟಿನ ಪಡಸಾಲೆಯಲ್ಲಿ ನೀಲವ್ವನ ಗಂಡ, ಜಾಮೀನಿನ ಮೇಲಿದ್ದ ಆರೋಪಿ ದ್ಯಾಮಣ್ಣ, ಪಕ್ಕದಲ್ಲೇ ಹಾದು ಪಿಸುಗುಟ್ಟಿದ. "ಅಕ್ಕಾರ, ಇನ್ನೂ ಹೊತ್ಕೊಂಡ ತಿರಗಾಕತ್ತೀರೇನ? ನಾ ಕಡದ ದಿನಾನ ಅಳಿಸಿ ಒಗದೇನಿ. ನಿದ್ದಿ ಚಲೋ ಬರತೈತಿ."

ಫಕೀರವ್ವ ಚಪ್ಪಲಿ ಬೀಸಿದಳು. ಅದು ಕಂಬಕ್ಕೆ ಬಿತ್ತು. ಅವನು ಅಷ್ಟರಲ್ಲಿ ದಾಟಿಹೋಗಿದ್ದ.

ಒಳಗೆ ಜಡ್ಜ್ ಸಾಹೇಬರು ಬಂದಿರಲಿಲ್ಲ. "ಮತ್ತ ಆರು ತಿಂಗಳ ವಾಯಿದೆ ಬಿತ್ತರೀ, ಅವ್ವಾರ," ಅಂದ ಗುಮಾಸ್ತ.

ಆರು ತಿಂಗಳು ಬದುಕುವುದಕ್ಕೂ ಜಾಗ ಬೇಕು. ಸಂದೇಶ ಕೆಂಪಾಯಿತು: "ಒಂದನ್ನು ಆರಿಸಿ ಅಳಿಸಿ. ಇಲ್ಲದಿದ್ದರೆ ಎಲ್ಲಕ್ಕಿಂತ ದೊಡ್ಡದು ಅಳಿಯುತ್ತದೆ."

ಎಲ್ಲಕ್ಕಿಂತ ದೊಡ್ಡದು ಆ ಕೊಲೆಯೇ. ಅದನ್ನು ಬಿಟ್ಟರೆ ಅಳಿಸಲು ಉಳಿದದ್ದು ತಂಗಿಯ ಇನ್ನೊಂದೇ ನೆನಪು. ಅದರಲ್ಲಿ ಪುಟ್ಟ ನೀಲವ್ವ ಉಪ್ಪು ಹಚ್ಚಿದ ಹುಣಸೆಕಾಯಿ ಕಚ್ಚಿ, ಒಂದು ಕಣ್ಣು ಮುಚ್ಚಿ ನಗುತ್ತಿದ್ದಳು.

ಫಕೀರವ್ವ ಆ ನಗುವನ್ನು ಪೂರ್ತಿ ನೋಡಿದಳು. ಆಮೇಲೆ ಅಳಿಸಿದಳು.

ಗುಮಾಸ್ತ ಕನಿಕರದಿಂದ ಕೇಳಿದ, "ತಂಗಿ ಹೆಂಗಿದ್ಲರೀ?"

ಫಕೀರವ್ವ ಬಹಳ ಹೊತ್ತು ಹುಡುಕಿದಳು.

"ಸಾಯಾಕತ್ತಿದ್ಲು," ಅಂದಳು.