ತೊಳೆಯದೆ ಕರೆತಂದವಳು

ಹೀಯಾಳಿಸಿದ ಮಾತು ಕೇಳಿದವರ ಮೈಮೇಲೆ ಅಕ್ಷರವಾಗಿ ಮೂಡುತ್ತದೆ. ಅದಕ್ಕೆಂದೇ ಮಗಳ ಶಾಲೆಯ ಗೇಟಿನ ಬಳಿ ನಲ್ಲಿ, ಸೋಪು ಇಟ್ಟಿದ್ದಾರೆ; ಮಕ್ಕಳು ತೊಳೆದುಕೊಂಡೇ ಮನೆಗೆ ಹೋಗಬೇಕು.

ನಿನ್ನೆ ಸಂಜೆ ಕರೆತರಲು ಹೋದಾಗ ಇಂಚರಾಳ ತೋಳಿನ ತುಂಬ 'ಕರಿಗಡಿಗೆ' ಎಂದಿತ್ತು. ನಾನು ನಲ್ಲಿಯಲ್ಲೂ ತೊಳೆಯಲಿಲ್ಲ, ಮನೆಯಲ್ಲೂ ತೊಳೆಯಲಿಲ್ಲ. ಇವತ್ತು ಹಾಗೇ ಸ್ಟಾಫ್‌ ರೂಮಿಗೆ ಕರೆದುಕೊಂಡು ಹೋದೆ.

"ಅಯ್ಯೋ, ಹೀಗೇ ಕರ್ಕೊಂಡು ಬರೋದಾ? ಕಡಲೆಹಿಟ್ಟು ಹಚ್ಚಿದ್ರೆ ಹೋಗುತ್ತೆ ಕಣ್ರೀ," ಎಂದರು ಶಶಿರೇಖಾ ಟೀಚರ್.

"ಯಾರು ಅಂದಿದ್ದು ಅಂತ ಕೇಳಲ್ವಾ?"

"ಮಕ್ಕಳು ತಮಾಷೆಗೆ ಏನೋ ಅಂತಾವೆ. ಮನೇಲಿ ನೀವೇ ಸ್ವಲ್ಪ ಧೈರ್ಯ ತುಂಬಿ."

"ಮೂರು ತಿಂಗಳಿಂದ ಉಜ್ಜಿ ಉಜ್ಜಿ ಇವಳ ಚರ್ಮ ಸುಲಿದಿದೆ. ಒಂದು ಸಲ ಓದಿ ಮೇಡಂ."

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕೂತರು.

ಇಂಚರಾ ತೋಳು ಮುಂದೆ ಚಾಚಿ, ಪಾಠ ಒಪ್ಪಿಸುವವಳಂತೆ ತಾನೇ ಗಟ್ಟಿಯಾಗಿ ಓದತೊಡಗಿದಳು.