ಸಿಂಕಿನ ಕೆಳಗಿನ ನಟ್ಟು

ಸ್ಪ್ಯಾನರ್ ಹಿಡಿದು ಸಿಂಕಿನ ಕೆಳಗೆ ನುಸುಳಿದ ಸೊಸೆ ಒಮ್ಮೆ ಮಾವನ ಕೋಣೆಯ ಕಡೆ ಕಿವಿಗೊಟ್ಟಳು. ಗೊರಕೆ ಕೇಳಿಸುತ್ತಿತ್ತು. ಬೆಳಗಿನ ಆರೂವರೆ. ಗಂಡ ಸ್ನಾನಕ್ಕೆ ಹೋಗಿದ್ದ. ಅವಳಿಗೆ ಬೇಕಾಗಿದ್ದದ್ದು ಎರಡೇ ನಿಮಿಷ. ಗೋಡೆಯಿಂದ ಬರುವ ಪೈಪು ನಲ್ಲಿಯ ಪೈಪಿಗೆ ಸೇರುವಲ್ಲಿ ಒಂದು ಹಿತ್ತಾಳೆ ನಟ್ಟಿತ್ತು. ಅದನ್ನು ಕಾಲು ಸುತ್ತು ತಿರುಗಿಸಿದಳು. ಒಂದು ಹನಿ ಮೂಡಿತು, ಸ್ವಲ್ಪ ಯೋಚಿಸಿತು, ಬಕೆಟ್ಟಿಗೆ ಬಿತ್ತು. ಸ್ಪ್ಯಾನರನ್ನು ಮಾವನ ಪೆಟ್ಟಿಗೆಯಲ್ಲಿ ಇದ್ದ ಹಾಗೇ ಇಟ್ಟು, ಏನೂ ಅರಿಯದವಳಂತೆ ಹಾಲು ಕಾಯಿಸಲು ನಿಂತಳು.

ಹತ್ತೊಂಬತ್ತು ದಿನಗಳಿಂದ ಇದೇ ನಡೆದಿತ್ತು.

"ಈ ಮನೆಗೆ ಏನಾಗಿದೆ?" ಎಂದ ಗಂಡ, ತಲೆ ಒರೆಸಿಕೊಳ್ಳುತ್ತ. "ಅಪ್ಪ ದಿನಾ ಸರಿ ಮಾಡ್ತಾರೆ, ದಿನಾ ಸೋರುತ್ತೆ."

"ಹಳೇ ನಟ್ಟು ಅಲ್ವೇನ್ರೀ," ಎಂದಳು. ಸುಳ್ಳು ಹೇಳುವುದರಲ್ಲಿ ಅವಳು ಪಳಗಿಬಿಟ್ಟಿದ್ದಳು.

ಮಾವ ಮೂವತ್ತೆಂಟು ವರ್ಷ ಪ್ಲಂಬರ್ ಆಗಿದ್ದವರು. ಊರಿನ ಅರ್ಧ ನಲ್ಲಿಗಳು ಅವರ ಮಾತು ಕೇಳುತ್ತಿದ್ದವು. ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಅವರ ಬಲಗೈಯೇ ಅವರ ಮಾತು ಕೇಳದಾಯಿತು. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಸುಕಿ ಎಂದರು. ಈಗಲೇ ಆಡಿಸದಿದ್ದರೆ ಕೈ ಹೀಗೇ ಉಳಿದುಬಿಡುತ್ತದೆ ಎಂದೂ ಹೇಳಿದರು. ಮಾವ ಚೆಂಡನ್ನು ಎಡಗೈಯಲ್ಲಿ ಎತ್ತಿ ಕಿಟಕಿಯಾಚೆ ಎಸೆದರು. "ನಾನೇನು ಕೂಸಾ?" ಎಂದರು. ಆಮೇಲೆ ಮಾತೂ ಕಡಿಮೆಯಾಯಿತು. ಲೋಟ ಹಿಡಿಯಲಾರದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕೂರುವುದೇ ಅವರ ದಿನಚರಿಯಾಯಿತು.

ಅದನ್ನು ನೋಡಿ ನೋಡಿ ಸೊಸೆ ಒಂದು ಉಪಾಯ ಹೂಡಿದಳು. ಚೆಂಡು ಎಸೆಯುವ ಮನುಷ್ಯ ಸೋರುವ ನಟ್ಟನ್ನು ನೋಡಿಕೊಂಡು ಬಲಗೈ ಎತ್ತದೆ ಕೂರಲಾರ ಎಂದು ಅವಳ ಎಣಿಕೆ. ಆದರೆ ಗುಟ್ಟು ರಟ್ಟಾದರೆ ಸ್ಪ್ಯಾನರೂ ಕಿಟಕಿಯಾಚೆ ಹೋಗುತ್ತದೆ. ಅದರ ಜೊತೆಗೆ ಕೈಯೂ ಹೋದಂತೆಯೇ.

ಅವಳು ಹುಟ್ಟಿದ ಮೇಲೆ ಸ್ಪ್ಯಾನರ್ ಹಿಡಿದದ್ದೇ ಆ ಮೊದಲ ದಿನ. ಹಲ್ಲು ಕಚ್ಚಿ, ಮೈಯ ಭಾರವನ್ನೆಲ್ಲ ಹಾಕಿ ನಟ್ಟು ತಿರುಗಿಸಿ, ಬಸ್ಸು ತಪ್ಪೀತೆಂದು ಹಿಂತಿರುಗಿಯೂ ನೋಡದೆ ಓಡಿದ್ದಳು. ಹನ್ನೊಂದು ಗಂಟೆಗೆ, ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಫೋನ್ ಮಾಡಿದಳು.

"ಮಾವ, ಸಿಂಕ್ ಕೆಳಗೆ ಸೋರ್ತಾ ಇದೆಯಾ ಸ್ವಲ್ಪ ನೋಡ್ತೀರಾ? ಬೆಳಿಗ್ಗೆ ಒದ್ದೆ ಇದ್ದ ಹಾಗಿತ್ತು."

ಫೋನು ಕೆಳಗಿಟ್ಟ ಸದ್ದು. ಕಾಲೆಳೆದುಕೊಂಡು ಹೋದ ಸದ್ದು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಮಾವ ಬಂದು, "ಹೂಂ, ಸೋರ್ತಾ ಇದೆ," ಎಂದರು.

"ಯಾರಾದ್ರೂ ಪ್ಲಂಬರ್‌ನ ಕರೆಸ್ಲಾ?"

"ಯಾಕೆ, ನಾನು ಸತ್ತಿದೀನಾ?"

ನಲವತ್ತು ನಿಮಿಷದ ಮೇಲೆ ಅವರೇ ಫೋನ್ ಮಾಡಿದರು. "ನಿಂತಿತು," ಎಂದರು, ಏದುಸಿರು ಬಿಡುತ್ತ. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿಮಗೂ ಸರಿಯಾಗಿ ಕಾಣಿಸ್ತಿಲ್ವಾ ಎಂದು ಎದುರಿಗಿದ್ದ ಗಿರಾಕಿ ಕೇಳಿದ.

ಮರುದಿನ ಬೆಳಿಗ್ಗೆ ನೋಡಿದರೆ, ನಟ್ಟಿನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಬಾಣದ ಗುರುತು, ಎಡಕ್ಕೆ. ಕಸುಬಿನವರ ಅಭ್ಯಾಸ ಇರಬೇಕು ಎಂದುಕೊಂಡು ಅವಳೂ ಅತ್ತಲೇ ತಿರುಗಿಸಿದಳು. ಕೈಗೆ ಹಗುರವಾಗಿ ಬಂತು, ಹನಿಯೂ ಬಿತ್ತು. ಆ ದಿನ ಮಾವನಿಗೆ ಇಪ್ಪತ್ತು ನಿಮಿಷ ಸಾಕಾಯಿತು. ಮುಂದಿನ ವಾರ ಹದಿನೈದು. ಎಲ್ಲವನ್ನೂ ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತು ಹಾಕಿಟ್ಟಳು.

ಇನ್ನೊಂದು ದಿನ ಸಿಂಕಿನ ಕೆಳಗೆ ಮಡಿಸಿದ ಗೋಣಿಚೀಲವೊಂದು ಕಾಣಿಸಿತು. ಮಾವ ಕೂರುತ್ತಿದ್ದದ್ದು ಮರದ ಸ್ಟೂಲಿನ ಮೇಲೆ. ಗೋಣಿಚೀಲ ಅವಳ ಮಂಡಿಗೆ ಸರಿಯಾಗಿ ಒದಗಿತು. ಒಳ್ಳೆಯದೇ ಆಯಿತು ಎಂದುಕೊಂಡಳು.

ಹೋದ ಭಾನುವಾರವಂತೂ ಕೆಲಸ ಕೆಡುವುದರಲ್ಲಿತ್ತು. ಗಂಡ ಹೊಸ ಪೈಪು, ಹೊಸ ನಟ್ಟು ಹಿಡಿದುಕೊಂಡು ಬಂದ.

"ಇದನ್ನ ಕಿತ್ತೆಸೆದು ಹೊಸದು ಹಾಕಿಸಿಬಿಡೋಣ ಅಪ್ಪ. ದಿನಾ ಯಾಕೆ ಒದ್ದಾಡ್ತೀರಿ?"

ಸೊಸೆ ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಸಿಂಕಿಗೆ ಅಡ್ಡ ನಿಂತಳು.

"ಬೇಡ," ಎಂದರು ಮಾವ. "ಹಳೇದು ಚೆನ್ನಾಗಿ ಕೆಲಸ ಮಾಡ್ತಾ ಇದೆ."

ದಿನಾ ಸೋರುವ ನಟ್ಟಿಗೆ ಇಂಥ ಸರ್ಟಿಫಿಕೇಟು ಸಿಕ್ಕಿದ್ದನ್ನು ಕೇಳಿ ಗಂಡ ಬಾಯಿ ಬಿಟ್ಟುಕೊಂಡು ನಿಂತ. ಸೊಸೆಗೆ ಹೋದ ಜೀವ ಬಂದಂತಾಯಿತು.

ಇಪ್ಪತ್ತನೆಯ ದಿನ ಅವಳಿಗೆ ಜ್ವರ. ಬೆಳಿಗ್ಗೆ ಏಳಲೇ ಆಗಲಿಲ್ಲ, ನಟ್ಟು ಬಿಗಿಯಾಗಿಯೇ ಉಳಿಯಿತು. ಗಂಡ ಮಾತ್ರೆ ಕೊಟ್ಟು ಕೆಲಸಕ್ಕೆ ಹೋದ. ಒಂದು ದಿನ ತಪ್ಪಿಹೋಯಿತಲ್ಲ ಎಂದು ಅವಳು ಹಾಸಿಗೆಯಲ್ಲೇ ಪೇಚಾಡುತ್ತಿದ್ದಳು. ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಸ್ಟೂಲು ಎಳೆದ ಸದ್ದಾಯಿತು. ಬಕೆಟ್ಟಿಗೆ ಹನಿ ಬಿದ್ದ ಸದ್ದು. ಸ್ಪ್ಯಾನರಿನ ಸದ್ದು. ಗಡಿಯಾರ ನೋಡಿದಳು. ಆರೇ ನಿಮಿಷ.

ಮಾವ ಬಾಗಿಲಲ್ಲಿ ಬಂದು ನಿಂತರು. ಬಲಗೈಯಲ್ಲಿ ನೀರು ತುಂಬಿದ ಲೋಟ. ಚೆಲ್ಲದೆ ತಂದು ಅವಳ ಪಕ್ಕದಲ್ಲಿಟ್ಟರು.

"ಸೋರ್ತಾ ಇತ್ತಮ್ಮ. ನಿಲ್ಲಿಸಿದೆ."

"ಅದು ಹೇಗೆ ಮಾವ? ಇವತ್ತು ನಾನು ಮುಟ್ಟೇ ಇಲ್ವಲ್ಲ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಾವ ಹಾಸಿಗೆಯ ಅಂಚಿನಲ್ಲಿ ಕೂತು, ಬಲಗೈಯ ಮುಷ್ಟಿಯನ್ನು ಒಮ್ಮೆ ಬಿಗಿದರು, ಒಮ್ಮೆ ಬಿಚ್ಚಿದರು.

"ಮೊದಲನೇ ದಿನಾನೂ ಸೋರ್ತಾ ಇರ್ಲಿಲ್ಲ ಕಣಮ್ಮ. ಸಡಿಲ ಮಾಡೋ ಬದಲು ನೀನು ಇನ್ನೂ ಬಿಗಿ ಮಾಡಿಟ್ಟು ಹೋಗಿದ್ದೆ, ಅದನ್ನ ಬಿಚ್ಚೋದಕ್ಕೇ ನಂಗೆ ನಲವತ್ತು ನಿಮಿಷ ಹಿಡೀತು."