ಹಗ್ಗ ಎಳೆದವಳು

ಫ್ಯಾನು ಜೋಡಿಸುವ ತುಂಬು ಬಸುರಿಯೊಬ್ಬಳು ಯಂತ್ರ ನಿಲ್ಲಿಸುವ ಹಗ್ಗ ಎಳೆದ ರಭಸಕ್ಕೆ ಇಡೀ ಕಾರ್ಖಾನೆ ಗಕ್ಕನೆ ನಿಂತಿತು. ನಂಬಿದರೆ ನಂಬಿ, ಹೊರಗೆ ಸೂರ್ಯನೂ ಒಂದು ಗಳಿಗೆ ನಿಂತ. 'ದೋಷ ಕಂಡವರು ಹಗ್ಗ ಎಳೆಯಿರಿ, ಎಳೆದವರೇ ಮತ್ತೆ ಶುರು ಮಾಡಿ' ಎಂದು ಗೋಡೆಯ ಮೇಲೆ ಆನೆಗಾತ್ರದ ಅಕ್ಷರದಲ್ಲಿ ಬರೆಸಿದವನು ಮ್ಯಾನೇಜರೇ. ಅಲ್ಲಿಯವರೆಗೆ ಆ ಹಗ್ಗ ಮುಟ್ಟುವ ಎದೆಗಾರಿಕೆ ಇದ್ದದ್ದು ಜೇಡಕ್ಕೆ ಮಾತ್ರ.

ನೆಲ ನಡುಗುವಂತೆ ಓಡಿಬಂದ ಮ್ಯಾನೇಜರ್. "ಯಾವ ಫ್ಯಾನಿನಲ್ಲಮ್ಮ ದೋಷ?"

ಅವಳು ಕುಂಬಳಕಾಯಿಯಂತೆ ಊದಿದ್ದ ಪಾದ ಎತ್ತಿ ತೋರಿಸಿದಳು. "ಇದರಲ್ಲಿ. ನಿನ್ನೆ ನನ್ನ ಸ್ಟೂಲ್ ಎತ್ಕೊಂಡು ಹೋದ್ರಲ್ಲ, ಬೇಡದ ಸಾಮಾನು ಅಂತ?"

"ಅದು ಸುಮ್ನೆ ಜಾಗ ತಿನ್ನುತ್ತೆ!"

"ನಿಮ್ಮ ಹೊಟ್ಟೇನೂ ತಿನ್ನುತ್ತೆ ಸಾರ್. ಅದನ್ನ ಯಾರಾದ್ರೂ ಎತ್ತಿಟ್ರಾ?"

"ಈಗ್ಲೇ ಕೆಲಸದಿಂದ ತೆಗೆದುಬಿಡ್ತೀನಿ!"

"ತೆಗೀರಿ. ಎಳೆದವಳೇ ಹೋದ್ಮೇಲೆ ಶುರು ಮಾಡೋರು ಯಾರು? ಗೋಡೆ ಓದಿ."

ಮ್ಯಾನೇಜರ್ ಉಳಿದವರತ್ತ ತಿರುಗಿದ. ಒಬ್ಬರ ಕೈಯೂ ಸ್ವಿಚ್ಚಿನ ಕಡೆ ಹೋಗಲಿಲ್ಲ. ಎಲ್ಲರೂ ಮೊದಲ ದಿನ ಶಾಲೆಗೆ ಬಂದವರಂತೆ ಗೋಡೆಯ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತಿದ್ದರು. ರೊಟ್ಟಿ ಬೇಯಿಸುವಷ್ಟು ಕಾದ ಮುಖ ಹೊತ್ತು ಅವನು ಗುಜರಿ ಕೋಣೆಗೆ ಹೋದ; ಸ್ಟೂಲನ್ನು ತಾನೇ ಹೊತ್ತು ತಂದು ಅವಳ ಮುಂದೆ ಕುಕ್ಕಿದ.

ಅವಳು ಕೂರಲಿಲ್ಲ.

"ಧೂಳು ಒರೆಸಿ," ಎಂದಳು.